ತಪ್ಪಿದ ಕೊಂಡಿ

ಗಜೇಂದ್ರಗಡ
೧೯ ಜನವರಿ ೨೦೨೫

ಪ್ರೀತಿಯ ತಂಗಿ ರೇಷ್ಮಾಗೆ ನಿನ್ನ ಅಕ್ಕನ ಆಶೀರ್ವಾದಗಳು.

ಅಪ್ಪ ತೀರಿಕೊಂಡು ಇಂದಿಗೆ ಹದಿನೇಳು ದಿನ. ಇಷ್ಟು ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡ. ಫೋನ್ ಮಾಡಿದೆ, ನೀನು ಎತ್ತಲಿಲ್ಲ. "ನರಗುಂದ ಏನ್ ದೂರದ ಊರೇನ್ರಿ, ಮಗಳಾಗಿ ಮಣ್ಣಿಗೂ ಬರಲಿಲ್ಲಲ್ಲ" ಎಂದು ಮಂದಿ ಆಡಿಕೊಂಡರು. ನಾನೇ ಅವರ ಬಾಯಿ ಮುಚ್ಚಿಸಿದೆ. ನಿನ್ನ ಹುಬ್ಬಿನ ಗಾಯ ಅವರಿಗೇನು ಗೊತ್ತು?

ಅವ್ವ ಇದ್ದಾಳೆ. "ಮಗ್ಗದ ಸಪ್ಪಳಿಲ್ದ ಹಸಿವೂ ಆಗವಲ್ದು" ಅನ್ನುತ್ತಾಳೆ. ಐವತ್ತು ವರ್ಷ ಬೈಗುಳ ತಿಂದವಳು ಆ ಗಂಡನಿಗಾಗಿ ಹೀಗೆ ಸೊರಗುವುದನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ.

ಮಗ್ಗದ ಮೇಲೆ ಅಪ್ಪನ ಸೀರೆ ಹಾಗೇ ನಿಂತಿದೆ. ಒಡಲು ಮುಗಿದಿದೆ, ಸೆರಗು ಬಾಕಿ. ಕತ್ತರಿಸಿ ತೆಗೆಯೋಣವೆಂದು ಹೋದರೆ ಪಕ್ಕದ ಮನೆಯ ಹಾಲಸಿದ್ದಪ್ಪ ಕಾಕಾ ಓಡಿ ಬಂದರು. "ಏ ದ್ರಾಕ್ಷಾಯಣಿ, ಕತ್ರಿ ಕೆಳಗಿಡು. ಸತ್ತ ನೇಕಾರ ಮಗ್ಗಕ್ಕ ಏರಿಸಿದ ಹಾಸಿನ ಎಳಿ ಕತ್ತರಿಸಬಾರ್ದವಾ. ಮನಿಯವರ ಕೈಲೇ ಸೆರಗು ಮುಗೀಬೇಕು."

ಒಡಲಿನ ಒಂದೊಂದು ಎಳೆಗೂ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಜೋಡಿಸಲು ನಾವಿಬ್ಬರೂ ಎದುರುಬದುರು ಕೂರುತ್ತಿದ್ದೆವಲ್ಲ, ನೆನಪಿದೆಯೇ? ಅರ್ಧ ನೀನು, ಅರ್ಧ ನಾನು. ನೀನು ಎಡಚಿ, ನಿನ್ನ ಕೊಂಡಿ ಎಡಕ್ಕೆ ಹೊರಳುತ್ತಿತ್ತು. ಆಗ ನಗಬಾರದೆಂದು ಅಪ್ಪನ ಕಾಯಿದೆ. ನೀನು ನಗುತ್ತಿದ್ದೆ.

ಅಂದು ಸೆರಗು ನೆಯ್ಯುವಾಗ ನಡುವೆ ಹತ್ತಾರು ಎಳೆ ಕಳಚಿ ಬಂದವು. "ಯಾರ್ದಿದು?" ಎಂದ ಅಪ್ಪ ಉತ್ತರಕ್ಕೂ ಕಾಯದೆ ಕೈಯಲ್ಲಿದ್ದ ಮರದ ಲಾಳಿಯನ್ನು ನಿನ್ನತ್ತ ಬೀಸಿದ. ನಗುವವಳೇ ತಪ್ಪು ಮಾಡಿದವಳೆಂದು ಅವನ ಎಣಿಕೆ. ನಿನ್ನ ಹುಬ್ಬು ಒಡೆದು ರಕ್ತ ಸೆರಗಿನ ಮೇಲೆ ಬಿತ್ತು. ಮರುದಿನ ರಾಜೂರಿನ ಅಜ್ಜಿಯ ಮನೆಗೆ ಹೋದವಳು, ಹದಿಮೂರರ ಹುಡುಗಿ, ಮದುವೆಗೂ ಈ ಹೊಸ್ತಿಲು ತುಳಿಯಲಿಲ್ಲ.

ಅಪ್ಪನ ಟ್ರಂಕಿನಲ್ಲಿ ಆ ಸೀರೆ ಸಿಕ್ಕಿತು ರೇಷ್ಮಾ. ಕಲೆ ತೊಳೆದಿಲ್ಲ, ಕಳಚಿದ ಎಳೆಗಳನ್ನೂ ಜೋಡಿಸಿಲ್ಲ. ಇಪ್ಪತ್ತೆರಡು ವರ್ಷ ಮಡಿಚಿಟ್ಟುಕೊಂಡಿದ್ದಾನೆ. ಇಂಥವನಿಗೆ ಏನೆನ್ನಬೇಕು? ಅದರ ಬದಲು ನಿನ್ನ ಬಾಗಿಲಿಗೆ ಒಮ್ಮೆ ಬಂದು ನಿಂತಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಮೊದಲು ಸಿಟ್ಟು ಬಂತು. ಆಮೇಲೆ ಅದೇ ಸೀರೆ ಹಿಡಿದುಕೊಂಡು ಅತ್ತೆ.

ಈಗಿನ ಸೆರಗಿಗೆ ನನ್ನ ಪಾಲಿನ ಕೊಂಡಿ ಹಾಕಿದ್ದೇನೆ. ಅವ್ವನ ಕಣ್ಣು ಮಂಜು. ನಿನ್ನ ಅರ್ಧ ಹಾಗೇ ಬಿಟ್ಟಿದ್ದೇನೆ, ಬಂದು ಮುಗಿಸು.

ನಿನ್ನ ಮನೆಯವರಿಗೆ ನಮಸ್ಕಾರ. ಮೇಘಾಗೆ ಅವಳ ದೊಡ್ಡವ್ವನ ಮುತ್ತು. ಕಾಲಕಾಲೇಶ್ವರ ನಿನ್ನನ್ನು ತಂಪಾಗಿಟ್ಟಿರಲಿ.

ನಿನ್ನ ಅಕ್ಕ,
ದ್ರಾಕ್ಷಾಯಣಿ

ತಾ.ಕ.: ಲಕೋಟೆ ಅಂಟಿಸಲು ಕೈ ಬರಲಿಲ್ಲ. ದವಾಖಾನೆಯಲ್ಲಿ ಕೊನೆಯ ಸಲ ಅಪ್ಪ ನನ್ನ ಕೈ ಹಿಡಿದು ಹೇಳಿದ: "ಮರುದಿನ ನೋಡಿದ್ನವಾ. ಕಳಚಿದ್ದರ ಆಜೂಬಾಜೂ ಕೊಂಡಿ ಎಲ್ಲಾ ಬಲಕ್ಕ ಹೊಳ್ಳಿದ್ವು. ಅವು ನಿನ್ನವು. ಆಕಿ ತಪ್ಪು ಏನೂ ಇರಲಿಲ್ಲ."

"ಮತ್ತ್ಯಾಕ ಇಷ್ಟ್ ವರ್ಷ ಸುಮ್ಮನಿದ್ದಿ?" ಎಂದೆ.

"ನೀ ಯಾಕ ಸುಮ್ಮನಿದ್ದಿ?" ಎಂದ.

ನನಗೆ ಅಂದೇ ಗೊತ್ತಿತ್ತು ತಂಗಿ. ಲಾಳಿಗೆ ಹೆದರಿ ಬಾಯಿ ಬಿಡಲಿಲ್ಲ. ಆಮೇಲೆ ನಿನ್ನೆದುರು ಅಪ್ಪನನ್ನು ನಿನಗಿಂತ ಜೋರಾಗಿ ಬೈಯುತ್ತಾ ಬಂದೆ. ಇಷ್ಟು ತಿಳಿದ ಮೇಲೂ ಮನಸ್ಸಾದರೆ ಬಾ, ನನ್ನೆದುರು ಕೂರು.