ಒಕ್ಕಲಿನ ದೀಪಕ್ಕೆ ಹಿಡಿದ ದಾರ

ಕುರ್ಲಾ
೧೧ ಮಾರ್ಚ್ ೨೦೨೫

ಲಾವಣ್ಯಾ,

ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ. ನೀನು ನನ್ನ ನಂಬರ್ ಬ್ಲಾಕ್ ಮಾಡಿದ್ದೀ, ಹಾಗಾಗಿ ಕಾಗದ. ಹರಿದು ಹಾಕುವುದಿದ್ದರೆ ಪೂರ್ತಿ ಓದಿ ಹರಿ.

ಹೊಸ ಮನೆಯಲ್ಲಿ ಪ್ಲಾಸ್ಟಿಕ್ಕಿನ ಒಂದು ಎಳೆಯೂ ಇರಬಾರದು, ಭೂಮಿ ಉಳಿಯಬೇಕು ಎಂದು ನನ್ನ ಹೊಲಿಗೆ ಅಂಗಡಿಗೆ ಬಂದು ಕೂತವಳು ನೀನು. ಬಣ್ಣ ಹಾಕದ ಹತ್ತಿ ಬೇಕು, ಅದೂ ಕೈಮಗ್ಗದ್ದೇ ಬೇಕು. ಊರಿನ ನೇಕಾರರಿಂದ ಬಟ್ಟೆ ತರಿಸಿ ಪರದೆಗಳನ್ನು ನಾನೇ ಕೂತು ಹೊಲಿದೆ. ಗಿರಾಕಿ ಅಂತಲ್ಲ ಮಾರಾಯ್ತಿ, ನನ್ನ ವಿಜೇತಾ ನಾಳೆ ನಿನ್ನ ಸೊಸೆಯಾಗಿ ಬಾಳುವ ಮನೆ ಅಂತ. ಭೂಮಿ ಉಳಿಸಲು ಹೊರಟವಳು ಗಟ್ಟಿಮುಟ್ಟಾಗಿದ್ದ ಹಳೆಯ ಪರದೆಗಳನ್ನೆಲ್ಲ ಕಸಕ್ಕೆ ಹಾಕಿದೆಯಲ್ಲ, ಅದು ಯಾವ ಶಾಸ್ತ್ರ? ಬಿದಿರಿನದು ಎಂದು ಕುಣಿದುಕೊಂಡು ತಂದೆಯಲ್ಲ ಆ ಸೋಫಾ ಬಟ್ಟೆ, ಬಿದಿರನ್ನು ರಾಸಾಯನಿಕದಲ್ಲಿ ಕರಗಿಸಿಯೇ ಅದರ ನೂಲು ತೆಗೆಯುತ್ತಾರೆ ಎಂದು ನಾನು ಹೇಳಿದರೆ, ನಿನಗೆ ಹೊಟ್ಟೆಕಿಚ್ಚು ಎಂದವಳು ನೀನು.

ಮನೆ ಒಕ್ಕಲಿನ ದಿನ, ಹೊಸ ಮನೆಗೆ ಕಾಲಿಟ್ಟ ದಿನವೇ, ನೀನು ಮಾಡಿದ್ದನ್ನು ಮಾತ್ರ ಸತ್ತರೂ ಮರೆಯುವುದಿಲ್ಲ. ಮೊಬೈಲಿನಲ್ಲಿ ಯಾರೋ ತೋರಿಸಿದ ಪರೀಕ್ಷೆಯಂತೆ. ಹತ್ತಿಯಾದರೆ ಸುಟ್ಟು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಂಟಾಗುತ್ತದೆ. ಪರದೆಯ ಅಂಚಿನಿಂದ ಒಂದು ಎಳೆ ಕಿತ್ತು, ದೇವರ ಮುಂದೆ ಹಚ್ಚಿಟ್ಟ ದೀಪಕ್ಕೇ ಹಿಡಿದೆ. ಅದು ಕರಗಿತು. ಬಂದ ಹೆಂಗಸರೆಲ್ಲ ಬಾಯಿಬಿಟ್ಟು ನೋಡುತ್ತಿದ್ದರು. ಬಟ್ಟೆಯಲ್ಲೇ ಮೋಸ ಮಾಡುವವರ ಮನೆಯ ಹುಡುಗಿ ನಮಗೆ ಬೇಡವೇ ಬೇಡ ಎಂದೆ. ಥೂ! ಬಡಿಸಲು ಪಾಯಸದ ಪಾತ್ರೆ ಹಿಡಿದು ನಿಂತಿದ್ದ ನನ್ನ ಮಗಳ ಮುಖವನ್ನಾದರೂ ನೋಡಿದೆಯಾ ನೀನು?

ನೀನು ಕಿತ್ತದ್ದು ಹೊಲಿಗೆಯ ದಾರ. ಪರದೆಯ ಬಟ್ಟೆಯ ನೂಲನ್ನು ನೀನು ಮುಟ್ಟಲೇ ಇಲ್ಲ. ನಿನ್ನ ಹಿತೇಶನೇ ಅಲ್ಲಿ, ಅಮ್ಮಾ ಅದು ಹೊಲಿಗೆ ದಾರ ಎಂದ. ಈಗಲೇ ಅತ್ತೆಯ ಸೆರಗು ಹಿಡಿದೆಯಾ ಎಂದು ನೀನು ಅವನ ಬಾಯಿ ಮುಚ್ಚಿಸಿದೆ. ಹೌದು, ದಾರ ಪಾಲಿಯೆಸ್ಟರಿನದೇ. ಹತ್ತಿಯ ದಾರ ನನ್ನ ಮೆಷಿನಿನಲ್ಲಿ ತುಂಡಾಗುತ್ತದೆ. ಅದನ್ನು ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ಯುತ್ತಾರಾ? ನಿಶ್ಚಯವಾದ ಮದುವೆ ಮುರಿಯುತ್ತಾರಾ? ನಿನಗೆ ನೆಪ ಬೇಕಿತ್ತು. ಟೈಲರಮ್ಮನ ಮಗಳು ನಿನ್ನ ಹೊಸ ಬಿಲ್ಡಿಂಗಿನ ಅಂತಸ್ತಿಗೆ ಹೊಂದಲಿಲ್ಲ, ಅಷ್ಟೇ.

ಇನ್ನು ನೀನು ಕೈಮುಗಿದು ಕರೆದರೂ ವಿಜೇತಾ ನಿನ್ನ ಹೊಸ್ತಿಲು ತುಳಿಯುವುದಿಲ್ಲ. ನಾನೂ ಅಷ್ಟೆ. ದಾರಿಯಲ್ಲಿ ಸಿಕ್ಕರೆ ಮಾತನಾಡಿಸಬೇಡ.

ಒಂದೇ ಚಾಳಿನ ಅಕ್ಕಪಕ್ಕದ ಕೋಣೆಗಳಲ್ಲಿ ನಿನ್ನ ಜೊತೆ ಬೆಳೆದ ತಪ್ಪಿಗೆ ಇಷ್ಟು ಬರೆದವಳು,
ಸೇವಂತಿ

ತಾ.ಕ.: ಆಫೀಸ್ ಕೆಲಸಕ್ಕೆ ಪುಣೆಗೆ ಎಂದು ಹೇಳಿ ಹೊರಟ ನಿನ್ನ ಮಗ ಅಲ್ಲಿಗೆ ಹೋಗಿಲ್ಲ. ಒಕ್ಕಲು ಮುಗಿದ ಮೇಲೆ ಅವನೂ ವಿಜೇತಾಳೂ ರಿಜಿಸ್ಟರ್ ಮದುವೆಗೆ ನೋಟಿಸ್ ಕೊಟ್ಟಿದ್ದರು. ಮದುವೆ ನಿನ್ನೆ ಆಯಿತು, ಸಾಕ್ಷಿಗೆ ನಾನೂ ಸಹಿ ಹಾಕಿದೆ. ಭಾಂಡುಪ್‌ನಲ್ಲಿ ಬಾಡಿಗೆ ರೂಮು ಮಾಡಿದ್ದಾರೆ. ಹಾರ ಹಾಕುವಾಗ ಹಿತೇಶ್ ಅತ್ತುಬಿಟ್ಟ. ಅಮ್ಮನಿಗೆ ಹೇಳಬೇಕಿತ್ತಲ್ಲಾ ಅತ್ತೇ ಎಂದ. ಅವನಿಗೆ ಧೈರ್ಯ ಸಾಲದು, ಅದಕ್ಕೆ ನಾನು ಹೇಳುತ್ತಿದ್ದೇನೆ. ಅವನಿಗೆ ಫೋನ್ ಮಾಡು. ನನಗೆ ಮಾಡಬೇಡ.