ಎಲ್ಲರಿಗೂ ಬಂದರೆ ರೋಗವಲ್ಲವಂತೆ

ಕಾವಲುಗುಡ್ಡ ಕೇರಿ
ಫೆಬ್ರವರಿ ಮೂವತ್ತು, 2191

ವಸಡಿನ ರೋಗವನ್ನು ವಿಂಗಡಿಸಲು ಕೂತಿರುವ ಹಿಂದಿನ ಕಾಲದ ವೈದ್ಯರೇ,

ತಾರೀಖು ನೋಡಿ ನಗಬೇಡಿ. ದುಡಿಮೆಯ ದಿನ ಸಾಲದೆ ಕಾರ್ಖಾನೆಯವರು ಫೆಬ್ರವರಿಯನ್ನು ಹಿಗ್ಗಿಸಿದ್ದಾರೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರ ಅನಿಸಬಹುದು, ಕ್ಷಮಿಸಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಾವು ಹಳೆಯ ಬ್ಯಾಟರಿ ಒಡೆಯುವ ಜನ. ಅದರ ಹೊಗೆಗೆ ಸುಡುಗಾಳಿ ಅನ್ನುತ್ತೇವೆ. ಅದು ಮೊದಲು ತಿನ್ನುವುದು ವಸಡನ್ನು. ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಕೆಂಪು. ರೊಟ್ಟಿಯನ್ನು ನೆನೆಸಿ ನುಂಗುತ್ತೇವೆ. ನನ್ನ ಮಗಳು ಹುಲಿಗೆವ್ವನಿಗೆ ಇನ್ನೂ ಇಪ್ಪತ್ತೆರಡು. ಕೀವು ದವಡೆಗೆ ಇಳಿದು ಜ್ವರದಲ್ಲಿ ಮಲಗಿದ್ದಾಳೆ.

ನಿಮ್ಮ ವಿಂಗಡಣೆಗಳ ಚರಿತ್ರೆಯನ್ನು ನಮ್ಮ ಸಂಘದಲ್ಲಿ ಓದಿಸುತ್ತಾರೆ. ಮೊದಲು ರಕ್ತ, ಕೀವು ನೋಡಿ ಹೆಸರಿಟ್ಟಿರಿ. ಆಮೇಲೆ ವಯಸ್ಸು ನೋಡಿ ಎಳೆಯರದು, ದೊಡ್ಡವರದು ಎಂದಿರಿ. ಅದನ್ನು ಬಿಟ್ಟು ನಿಧಾನದ್ದು, ಉಗ್ರವಾದದ್ದು ಎಂದಿರಿ. ಅದನ್ನೂ ಅಳಿಸಿ ನಾಲ್ಕು ಹಂತ, ಮೂರು ದರ್ಜೆ ಮಾಡಿದಿರಿ. ಬೀಡಿ ಲೆಕ್ಕಕ್ಕೆ ಬಂತು, ಸಕ್ಕರೆ ಕಾಯಿಲೆ ಬಂತು. ಕೂಲಿ ಬರಲಿಲ್ಲ, ಕೇರಿ ಬರಲಿಲ್ಲ.

ಕೇರಿಯನ್ನೂ ಸೇರಿಸಿ ಎಂದು ನಾವು ಬೀದಿಗಿಳಿದೆವು. ಲಾಠಿ ತಿಂದೆವು, ಗೆದ್ದೆವು, ಹಲಗೆ ಬಡಿದು ಕುಣಿದೆವು. ಊರೂರಿನ ಬಾಯಿ ಪರೀಕ್ಷಿಸುವ ಬಾಯ್ಗಣತಿ ಬಂದಾಗ, ಮೆರವಣಿಗೆಗೆ ಹೋಗುವಂತೆ ಇಡೀ ಕೇರಿ ಹೊರಟಿತು. ಒಬ್ಬರೂ ತಪ್ಪಬಾರದೆಂಬುದು ಸಂಘದ ಕಟ್ಟು. ಎದ್ದು ಕೂರಲಾರದ ಮುದುಕರನ್ನೂ ಹೊತ್ತು ತಂದು ಬಾಯಿ ತೆರೆಸಿದೆವು.

ಅದೇ ನಮಗೆ ಮುಳುವಾಯಿತು. ಇಲ್ಲಿ ಎಲ್ಲರ ವಸಡೂ ಹೀಗೇ ಇರುವುದರಿಂದ ಇದು ಈ ನೆಲದ ಗುಣ ಎಂದು ಗಣತಿಯವರು ತೀರ್ಮಾನಿಸಿ, 'ನೆಲವಸಡು' ಎಂಬ ಹೊಸ ವರ್ಗ ಮಾಡಿದರು. ಅದು ರೋಗದ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿಲ್ಲದ್ದಕ್ಕೆ ಆಸ್ಪತ್ರೆಯಲ್ಲಿ ಹಾಸಿಗೆಯಿಲ್ಲ.

ನಿನ್ನೆ ಮಗಳನ್ನು ಕರೆದೊಯ್ದಿದ್ದೆ. "ನಿಮ್ಮ ಕಡೆ ಎಲ್ಲರಿಗೂ ಇರೋದೇ ಅಲ್ವೇನಮ್ಮ" ಎಂದರು ಡಾಕ್ಟರು, ಬಾಯೊಳಗೆ ಇಣುಕದೆ.

ಜೊತೆಗೆ ಬಂದಿದ್ದ ನೆರೆಮನೆಯ ದ್ಯಾವಕ್ಕ ಸುಮ್ಮನಿರಲಿಲ್ಲ. "ಹಂಗಾರ ನಾವೆಲ್ಲಾರೂ ಸತ್ರ ಅದು ಸಾವೂ ಅಲ್ಲೇನ್ರಿ?"

ಡಾಕ್ಟರು ಮುಂದಿನವರನ್ನು ಕರೆದರು.

ಒಂದೇ ಕೇಳುತ್ತೇನೆ. ನಿಮ್ಮ ವಿಂಗಡಣೆಯಲ್ಲಿ ಒಂದು ಸಾಲು ಬರೆದಿಡಿ: ಊರಿಗೆ ಊರೇ ನರಳಿದರೂ ಅದು ನರಳಿಕೆಯೇ. ಬರೆಯುತ್ತೀರೆಂಬ ನಂಬಿಕೆ ನನಗಿಲ್ಲ. ಬರೆದಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ.

ಗಂಜಿ ಆರುತ್ತಿದೆ. ಹುಲಿಗೆವ್ವ ಬಾಯಿ ತೆರೆಯುತ್ತಿಲ್ಲ.

ಲಕ್ಕವ್ವ
ಬ್ಯಾಟರಿ ಕೂಲಿಗಾರರ ಸಂಘ