ಕಸದ ಬುಟ್ಟಿಯಲ್ಲಿ ಹನ್ನೊಂದು ಗಂಡುಗಳು

ಹಾಸ್ಟೆಲ್, ಮೈಸೂರು
8 ಅಕ್ಟೋಬರ್ 2003

ಅಮ್ಮಾ,

ತಲುಪಿದ್ದೇನೆ. ಊಟ ಮಾಡಿದ್ದೇನೆ. ನೀನು ಕೇಳೋ ಎರಡು ಪ್ರಶ್ನೆಗೂ ಉತ್ತರ ಆಯ್ತು. ಇನ್ನು ನನ್ನ ಪ್ರಶ್ನೆಗಳು.

ದಸರಾ ರಜೆಗೆ ಬಂದ ದಿನ ನಾನಿನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಅಪ್ಪ ಕಂಪ್ಯೂಟರ್ ವಿಷಯ ತೆಗೆದರು. ‘ಬಿಎಸ್ಸೀಲಿ ಕಂಪ್ಯೂಟರ್ ಸೈನ್ಸ್ ಓದ್ತಿದೀಯಲ್ಲ, ಇದನ್ನ ಸ್ವಲ್ಪ ಸ್ಪೀಡ್ ಮಾಡಿಕೊಡು. ಆದರೆ ಒಂದು ಫೈಲೂ ಕಳೀಬಾರದು’ ಅಂದರು. ಅಜ್ಜಿ ಒಳಗಿಂದಲೇ, ‘ಆ ಪೆಟ್ಟಿಗೆ ಎದ್ದು ಕಣ್ಣು ಬಿಡೋ ಹೊತ್ಗೆ ನಾನು ರಾಗಿ ಮಿಲ್ಲಿಗೆ ಹೋಗ್ಬತ್ತೀನಿ ಕಣೇ’ ಅಂದಳು. ನೀನು ಏನಂದೆ ನೆನಪಿದೆಯಾ? ‘ಬಿಡೇ, ರಜೆಗೆ ಬಂದಿದೀಯ, ರೆಸ್ಟ್ ತಗೋ.’ ನಾನು ಹುಟ್ಟಿದ ಮೇಲೆ ನೀನು ನನಗೆ ರೆಸ್ಟ್ ತಗೋ ಅಂದಿದ್ದು ಅದೇ ಮೊದಲು. ಆಗಲೇ ನನಗೆ ಡೌಟ್ ಬರಬೇಕಿತ್ತು.

ಕಾಲೇಜಲ್ಲಿ ಕಲಿಸಿದ ಹಾಗೆಯೇ ಮಾಡಿದೆ. ಮೊದಲು ಅಪ್ಪನ ಆಫೀಸಿನ ಪೇಪರ್‌ಗಳು, ನನ್ನ ನೋಟ್ಸು, ಎಲ್ಲ ಫ್ಲಾಪಿಗೆ ಕಾಪಿ. ಫೈಲು ಮೊದಲು, ಸ್ಪೀಡು ಆಮೇಲೆ. ಆಮೇಲೆ ನೋಡಿದರೆ, ಸ್ವಿಚ್ ಹಾಕಿದ ಕೂಡಲೇ ಅಷ್ಟೊಂದು ಪ್ರೋಗ್ರಾಂಗಳು ತಾವಾಗಿಯೇ ಎದ್ದು ಕೂರ್ತಿವೆ. ಕಾರ್ ರೇಸು, ಇಂಗ್ಲಿಷ್ ಟೈಪಿಂಗ್, ಕೇಕ್ ಮಾಡೋ ವಿಧಾನ, ಪರದೆ ತುಂಬ ಈಜೋ ಮೀನುಗಳು. ಅಪ್ಪ ತರೋ ಕಂಪ್ಯೂಟರ್ ಪತ್ರಿಕೆ ಜೊತೆ ಸಿ.ಡಿ. ಬರುತ್ತಲ್ಲ, ಅದರಲ್ಲಿದ್ದದ್ದನ್ನೆಲ್ಲ ಯಾರೋ ಒಂದೂ ಬಿಡದೆ ಒಳಗೆ ತುಂಬಿದ್ದಾರೆ. ನಮ್ಮ ಮನೇಲಿ ಕಾರ್ ರೇಸ್ ಆಡೋರು ಯಾರು? ಅಪ್ಪ ಬೆಳಗ್ಗೆ ಆಫೀಸಿಗೆ ಹೋದರೆ ಸಂಜೆಗೇ ಬರೋದು. ಅಜ್ಜಿ ಶಾಕ್ ಹೊಡೆಯುತ್ತೆ ಅಂತ ಮೌಸ್ ಮುಟ್ಟಲ್ಲ. ಉಳಿದವರು ಯಾರು ಅಂತ ನೀನೇ ಲೆಕ್ಕ ಹಾಕು.

ಎಲ್ಲವನ್ನೂ ತೆಗೆದೆ. ಡಿಸ್ಕಿನಲ್ಲಿ ಚೂರುಚೂರಾಗಿ ಬಿದ್ದಿದ್ದ ಫೈಲುಗಳನ್ನು ಒಟ್ಟು ಜೋಡಿಸೋಕೆ ಬಿಟ್ಟೆ. ಕೊನೆಗೆ ಉಳಿದದ್ದು ರೀಸೈಕಲ್ ಬಿನ್, ಬೇಡದ್ದನ್ನು ಹಾಕೋ ಬುಟ್ಟಿ. ಅದನ್ನು ಖಾಲಿ ಮಾಡಿದರೆ ಜಾಗ ಸಿಗುತ್ತೆ. ಆದರೆ ಮನೆ ಕಸ ಎಸೆಯೋ ಮೊದಲು ಮೂಗುಬೊಟ್ಟು ಬಿದ್ದಿದೆಯಾ ಅಂತ ನೋಡೋ ಹಾಗೆ ಒಳಗೆ ಒಮ್ಮೆ ಕಣ್ಣು ಹಾಯಿಸಬೇಕು. ಹಾಯಿಸಿದೆ.

ಹನ್ನೊಂದು ಫೋಟೋ. ಹನ್ನೊಂದೂ ಗಂಡಸರು. ಒಬ್ಬ ಯಾರದೋ ಕೋಟು ಹಾಕಿಕೊಂಡಿದ್ದಾನೆ, ತೋಳು ಬೆರಳಿನವರೆಗೂ ಬಂದಿದೆ. ಒಬ್ಬ ಬೈಕಿಗೆ ಒರಗಿ ನಿಂತಿದ್ದಾನೆ. ಫೈಲಿನ ಹೆಸರುಗಳಂತೂ ಅಯ್ಯಯ್ಯೋ: ‘ಅರೇಹಳ್ಳಿ ಬಾಯ್ ಲೆಕ್ಚರರ್’, ‘ಚನ್ನಪ್ಪ ಸೆಕೆಂಡ್ ಸನ್’.

ಫೈಲು ತಾನಾಗಿ ನಡೆದುಕೊಂಡು ಬಿನ್‌ಗೆ ಹೋಗಲ್ಲ ಅಮ್ಮ. ಯಾರೋ ಡಿಲೀಟ್ ಒತ್ತಬೇಕು. ಬೇಸಿಗೇಲಿ ನಿನಗೆ ಆ ಕೀ ತೋರಿಸಿಕೊಟ್ಟವಳು ನಾನೇ. ಅಜ್ಜಿ ತನ್ನ ಕಿವಿ ಓಲೇನ ಚಿಂದಿ ಬಟ್ಟೆ ಗಂಟಲ್ಲಿ ಇಡ್ತಾಳಲ್ಲ, ಕಳ್ಳ ಬಂದರೆ ಬೀರು ಒಡೀತಾನೆ, ಚಿಂದಿ ಯಾಕೆ ಬಿಚ್ತಾನೆ ಅಂತ. ನೀನೂ ಅವಳ ಸೊಸೆಯೇ. ಅಪ್ಪನಿಗೆ ಗೊತ್ತಾಗದ ಹಾಗೆ ನನಗೆ ಗಂಡು ಹುಡುಕ್ತಿದೀಯ, ಹುಡುಕಿದ್ದನ್ನು ಕಸದಲ್ಲಿ ಬಚ್ಚಿಡ್ತಿದೀಯ.

ಆರನೇ ಕ್ಲಾಸಿಂದ ನಾನು ಹಾಸ್ಟೆಲ್ಲಲ್ಲೇ ಬೆಳೆದವಳು. ಪ್ರತಿ ವರ್ಷ ಟ್ರಂಕ್ ಇಳಿಸಿ ಹೋಗುವಾಗ ‘ನೀನು ಓದು, ಮಿಕ್ಕಿದ್ದು ನನಗೆ ಬಿಡು’ ಅಂತಿದ್ದೆ. ಮಿಕ್ಕಿದ್ದು ಅಂದರೆ ಇದಾ? ನಾನು ಇನ್ನೂ ಫಸ್ಟ್ ಇಯರ್ ಅಮ್ಮ. ಡಿಗ್ರಿ ಮುಗಿಯೋಕೆ ಮುಂಚೆ ನನ್ನ ಮದುವೆ ಆದರೆ ನಾನು ಏನೂ ಆಗಲ್ಲ.

ಹೊರಡೋ ಗಡಿಬಿಡೀಲಿ ನಿನ್ನ ಮುಖ ನೋಡಿ ಕೇಳೋಕೆ ಧೈರ್ಯ ಸಾಲಲಿಲ್ಲ. ಆದರೆ ಸುಮ್ಮನೆ ಬಂದಿಲ್ಲ. ಹನ್ನೊಂದನ್ನೂ ಬಿನ್‌ನಿಂದ ವಾಪಸ್ ತೆಗೆದು, ಡೆಸ್ಕ್‌ಟಾಪ್ ಮೇಲೆ ಒಂದು ಫೋಲ್ಡರಿನಲ್ಲಿ ಹಾಕಿ, ‘ಅಪ್ಪ ಪ್ಲೀಸ್ ಸೀ, ಫ್ರಮ್ ಬಿನ್’ ಅಂತ ಹೆಸರಿಟ್ಟು ಬಂದಿದ್ದೇನೆ. ಅಪ್ಪ ನೋಡಲಿ. ನಾನು ಕೇಳಲಾಗದ್ದನ್ನು ಅವರು ಕೇಳಲಿ.

ಇನ್ನೂ ನಿನ್ನ ಮಗಳು ಮಾತ್ರ ಆಗಿರುವ,
ಹರ್ಷಿತಾ

ಅರಸೀಕೆರೆ
12 ಅಕ್ಟೋಬರ್ 2003

ಹರ್ಷಿ,

ನಿನ್ನ ಕಾಗದ ಪೋಸ್ಟ್‌ಮ್ಯಾನ್ ನಿಮ್ಮಜ್ಜಿ ಕೈಗೆ ಕೊಟ್ಟುಹೋಗಿದ್ದ. ಅವರಿಗೆ ಓದೋಕೆ ಬರಲ್ಲ ಅನ್ನೋದು ಇಬ್ಬರ ಪುಣ್ಯ. ನಾನು ಮಾತಾಡೋ ಹಾಗೇ ಬರೀತೀನಿ, ನೀನು ತಪ್ಪು ಹುಡುಕ್ತಾ ಕೂರಬೇಡ.

ಆ ಹುಡುಗರನ್ನ ಮನೆಗೆ ತರ್ತಿರೋರು ನಿಮ್ಮಪ್ಪ. ಕಳಿಸ್ತಿರೋಳು ಬೇಲೂರಿನ ನಿಮ್ಮ ಶಾಂತತ್ತೆ. ತಮ್ಮನ ಮಗಳ ಮೇಲೆ ಅವಳಿಗೆ ಅಷ್ಟು ಪ್ರೀತಿ. ಅಲ್ಲಿ ಸ್ಟುಡಿಯೋದಲ್ಲಿ ಫೋಟೋ ಸ್ಕ್ಯಾನ್ ಮಾಡಿಸಿ, ಫ್ಲಾಪಿ ತುಂಬಿಸಿ, ಗೊತ್ತಿರೋ ಕಂಡಕ್ಟರ್ ಕೈಲಿ ಕೊಡ್ತಾಳೆ. ನಿಮ್ಮಪ್ಪ ಬಸ್‌ಸ್ಟ್ಯಾಂಡಿಗೆ ಹೋಗಿ ಇಸ್ಕೊಂಡು ಬಂದು ಕಂಪ್ಯೂಟರ್‌ಗೆ ಹಾಕ್ಕೋತಾರೆ. ಖಾಲಿ ಫ್ಲಾಪಿ ಮತ್ತೆ ಬೇಲೂರಿಗೆ. ನೀನು ಮೈಸೂರಿಗೆ ಹೋದ ತಿಂಗಳೇ ಇದು ಶುರುವಾಯ್ತು.

ಅವರು ಕೆಟ್ಟೋರಲ್ಲ ಕಣೇ. ‘ನಾಳೇನೇ ಮದುವೆ ಅಂದ್ನಾ? ನೋಡಿಟ್ಕೊಳೋಣ’ ಅಂತಾರೆ. ನಮ್ಮಪ್ಪನೂ ಹಂಗೇ ಅಂದಿದ್ದು. ಆಗ ನನ್ನ ಸೆಕೆಂಡ್ ಪಿಯುಸಿ ಹಾಲ್ ಟಿಕೆಟ್ ಬಂದಿತ್ತು. ಪರೀಕ್ಷೆ ನಾನು ಬರೀಲಿಲ್ಲ.

ಎದುರಾಡಿದರೆ ಜಗಳ, ಜಗಳ ಆದರೆ ಹಟ. ಅದಕ್ಕೇ ಅವರು ಆಫೀಸಿಗೆ ಹೋದ ಮೇಲೆ ಒಬ್ಬೊಬ್ಬನನ್ನೇ ಡಿಲೀಟ್ ಒತ್ತಿದೆ. ಸಂಜೆ ಬಂದು ಹುಡುಕೋರು. ‘ಎಲ್ಲೇ ಹೋದ ಅವನು’ ಅನ್ನೋರು. ‘ಈ ಮಿಷಿನ್‌ಗೆ ಸುಸ್ತು ಕಣ್ರೀ, ತಿಂದ್ಹಾಕಿರುತ್ತೆ’ ಅಂತಿದ್ದೆ. ನಂಬಬೇಕಲ್ಲ, ಅದಕ್ಕೆ ನಿಜವಾಗ್ಲೂ ಸುಸ್ತು ಮಾಡಿದೆ. ಸಿ.ಡಿ. ತುರುಕೋದು, ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ತೋದು. ಮೊನ್ನೆ ಮೊನ್ನೆವರೆಗೂ ಒಂದು ಫೋಟೋ ಬಿಚ್ಚಿಕೊಳ್ಳೋ ಹೊತ್ತಿಗೆ ನಿಮ್ಮಪ್ಪನಿಗೆ ತೂಕಡಿಕೆ ಬರ್ತಿತ್ತು. ಆ ಮೀನುಗಳನ್ನಾದ್ರೂ ಬಿಡಬಾರದಿತ್ತಾ, ಚೆನ್ನಾಗಿದ್ವು.

ಬಚ್ಚಿಡೋಕೆ ಹಾಕಿದ್ದಲ್ಲ, ಎಸೆಯೋಕೆ ಹಾಕಿದ್ದು. ಬುಟ್ಟಿಗೆ ಹಾಕಿದ್ದು ಹೋಯ್ತು ಅಂತಲೇ ತಿಳಿದಿದ್ದೆ. ಆ ಬುಟ್ಟೀನೂ ಒಂದ್ಸಲ ಹೊರಗೆ ಸುರೀಬೇಕು ಅಂತ ನೀನು ಹೇಳಿಕೊಟ್ಟಿರಲಿಲ್ಲ.

ಈಗ ನೀನು ಬಂದು, ಗುಡಿಸಿ ಸಾರಿಸಿ, ಹನ್ನೊಂದು ಜನಾನ ಸಾಲಾಗಿ ಕೂರಿಸಿ ಹೋದೆ. ನಿಮ್ಮಪ್ಪ ಪಟಪಟಾಂತ ಎಲ್ಲರನ್ನೂ ನೋಡಿದರು. ‘ನೋಡಿದ್ಯಾ ಮಾಲಿನಿ, ಮಗಳೇ ಹುಡುಕಿ ಪ್ಲೀಸ್ ಸೀ ಅಂತ ಬರೆದಿಟ್ಟಿದಾಳೆ. ಅವಳಿಗೇ ಮನಸ್ಸಿದೆ, ನಿನ್ನದೇನು ಕಾಟ’ ಅಂದರು. ಅವತ್ತೇ ಬೇಲೂರಿಗೆ ಫೋನು. ಬರೋ ಭಾನುವಾರ ಅರೇಹಳ್ಳಿ ಲೆಕ್ಚರರ್ ಕಡೆಯವರು ಹಳೇಬೀಡಿಗೆ ಬರ್ತಾರಂತೆ. ನಾವೂ ದೇವಸ್ಥಾನ ನೋಡೋಕೆ ಹೋದ ಹಾಗೆ ಹೋಗಬೇಕಂತೆ, ಅಕಸ್ಮಾತ್ ಸಿಕ್ಕ ಹಾಗೆ ಹುಲ್ಲಿನ ಮೇಲೆ ಕೂತು ಮಾತಾಡಬೇಕಂತೆ. ಆ ಅಕಸ್ಮಾತ್ತಿಗೆ ಶಾಂತತ್ತೆ ಚಕ್ಕುಲಿ ಬೇರೆ ಕರೀತಿದಾಳೆ. ಶನಿವಾರವೇ ಬಾ ಅಂತ ನಿಮ್ಮಪ್ಪ ನಿನಗೆ ಫೋನ್ ಮಾಡ್ತಾರೆ.

ನನ್ನ ಮೇಲೂ ಅನುಮಾನ ಶುರುವಾಗಿದೆ. ‘ಮಿಷಿನ್ನು ತಿಂದಿದ್ದಾದ್ರೆ ಬುಟ್ಟೀಲಿ ಹೆಂಗೆ ಸಿಕ್ತು’ ಅಂದರು. ಒಲೆ ಮೇಲೆ ಹಾಲಿದೆ ಅಂತ ಎದ್ದುಹೋದೆ. ಎಷ್ಟು ಸಲ ಅಂತ ಹಾಲು ಉಕ್ಕುತ್ತೆ ಹೇಳು.

ನನ್ನ ಕೈಲಾದಷ್ಟು ನಿಧಾನ ಮಾಡಿದೆ. ಇನ್ನು ನನ್ನ ಕೈಲಾಗಲ್ಲ. ಬೇಡ ಅನ್ನೋದಿದ್ದರೆ ನೀನೇ ಅನ್ನಬೇಕು, ಅವರಿಗೇ ಅನ್ನಬೇಕು. ಬರೋದು ಬಿಡೋದು ನೋಡ್ಕೋ.

ನಿಮ್ಮಮ್ಮ

ಹೇಳೋದು ಮರೆತೆ: ಇದನ್ನ ಓದಿ ಹರಿದುಹಾಕು. ಬುಟ್ಟಿಗೆ ಹಾಕಿ ಸುಮ್ಮನಾಗಬೇಡ.

ಹಾಸ್ಟೆಲ್, ಮೈಸೂರು
15 ಅಕ್ಟೋಬರ್ 2003

ಅಪ್ಪಾ,

ಜೈ ಭೀಮ್. ನಿನ್ನೆ ನೀವು ಫೋನ್ ಮಾಡಿದಾಗ ವಾರ್ಡನ್ ಪಕ್ಕದಲ್ಲೇ ನಿಂತಿದ್ದರು. ನೀವು ‘ಪ್ಲೀಸ್ ಸೀ ಅಂತ ನೀನೇ ಬರೆದಿದ್ಯಲ್ಲ ಮಗಳೇ, ಶನಿವಾರ ಬಾ, ಭಾನುವಾರ ಹಳೇಬೀಡಲ್ಲಿ ಆ ಲೆಕ್ಚರರ್ ಕಡೆಯವರು ಅಕಸ್ಮಾತ್ ಸಿಕ್ಕ ಹಾಗೆ ಸಿಗ್ತಾರೆ, ಶಾಂತತ್ತೆ ಎಲ್ಲ ಗೊತ್ತು ಮಾಡಿದಾಳೆ’ ಅಂದಿರಿ. ನಾನು ‘ಸರಿ’ ಅಂದೆ. ಆ ‘ಸರಿ’ಯನ್ನು ಈ ಕಾಗದದಲ್ಲಿ ವಾಪಸ್ ತಗೊಳ್ತಿದ್ದೇನೆ.

ಮೊದಲು ಟೆಕ್ನಿಕಲ್ ವಿಷಯ. ಫೋಟೋಗಳು ಬಿನ್‌ಗೆ ಹೇಗೆ ಹೋದವು ಅಂತ ನಿಮಗೆ ಅನುಮಾನ ಇರಬಹುದು. ಡಿಸ್ಕಿನಲ್ಲಿ ಜಾಗ ಸಾಲದೆ ಹೋದಾಗ ಕಂಪ್ಯೂಟರ್ರೇ ಹೊಸದಾಗಿ ಬಂದ ಫೈಲುಗಳನ್ನು ಬಿನ್‌ಗೆ ತಳ್ಳುತ್ತೆ. ಇದಕ್ಕೆ ಆಟೋ ಓವರ್‌ಫ್ಲೋ ಅಂತಾರೆ. ಯಾರೂ ಯಾವ ಕೀಯನ್ನೂ ಒತ್ತಬೇಕಾಗಿಲ್ಲ. ನಮ್ಮ ಸಿಲಬಸ್ಸಿನಲ್ಲೇ ಇದೆ, ಬೇಕಾದರೆ ಪುಟ ತೋರಿಸ್ತೀನಿ.

ಇನ್ನು ಆ ಫೋಲ್ಡರ್ ಹೆಸರು. ಅದು ನನ್ನ ಮನಸ್ಸಲ್ಲ ಅಪ್ಪ, ಕೋಪ. ನನ್ನ ಬೆನ್ನ ಹಿಂದೆ ಯಾರೋ ಗಂಡು ನೋಡ್ತಿದ್ದಾರೆ, ಅಪ್ಪನಿಗೆ ತೋರಿಸಿದರೆ ಅಪ್ಪ ನಿಲ್ಲಿಸ್ತಾರೆ ಅಂತ ನಂಬಿ ಇಟ್ಟ ಹೆಸರು. ಮನೆಯಲ್ಲಿ ಎಲ್ಲರ ಮೇಲೂ ಅನುಮಾನ ಪಟ್ಟೆ, ನಿಮ್ಮೊಬ್ಬರನ್ನು ಬಿಟ್ಟು.

ಪ್ರತಿ ವರ್ಷ ಏಪ್ರಿಲ್ ಹದಿನಾಲ್ಕರ ಜಯಂತಿಗೆ ನೀವು ಮೈಕ್ ಹಿಡಿದು, ಹೆಣ್ಣುಮಕ್ಕಳನ್ನು ಅರ್ಧಕ್ಕೆ ಬಿಡಿಸಬೇಡಿ ಅಂತ ಹೇಳ್ತೀರಿ. ಜನ ಚಪ್ಪಾಳೆ ತಟ್ತಾರೆ. ಆ ಭಾಷಣ ಟೈಪ್ ಮಾಡಿಕೊಟ್ಟವಳು ನಾನು. ಟೈಪ್ ಮಾಡುವಾಗ ಅದನ್ನು ನನಗೇ ಬರೆದದ್ದು ಅಂದುಕೊಂಡಿದ್ದೆ.

ಭಾನುವಾರ ನಾನು ಹಳೇಬೀಡಿಗೆ ಬರಲ್ಲ. ಡಿಗ್ರಿ ಮುಗಿಯೋವರೆಗೆ ಯಾರನ್ನೂ ಅಕಸ್ಮಾತ್ತಾಗಿಯೂ ನೋಡಲ್ಲ. ಆ ಲೆಕ್ಚರರ್ ಕಡೆಯವರಿಗೆ ಇವತ್ತೇ ಹೇಳಿಬಿಡಿ, ಪಾಪ, ಅವರ ಭಾನುವಾರ ಯಾಕೆ ಹಾಳಾಗಬೇಕು. ನಿಮಗೆ ಹೇಳೋಕೆ ಸಂಕೋಚ ಅಂದರೆ ಶಾಂತತ್ತೆಗೆ ನಾನೇ ಫೋನ್ ಮಾಡ್ತೀನಿ. ನನ್ನ ಮೇಲೆ ಕೋಪ ಬಂದರೆ ಬರಲಿ, ಅದನ್ನು ಬೇರೆ ಯಾರ ಮೇಲೂ ತೋರಿಸಬೇಡಿ.

ಫಸ್ಟ್ ಇಯರ್, ಬಿ.ಎಸ್ಸಿ.,
ನಿಮ್ಮ ಹರ್ಷಿತಾ

ಇನ್ನೊಂದು ಮಾತು: ಈ ಕಾಗದ ಅಮ್ಮನಿಗೆ ತೋರಿಸಬೇಡಿ. ಅವಳಿಗೆ ಕಂಪ್ಯೂಟರ್ ವಿಷಯ ಏನೂ ಗೊತ್ತಾಗಲ್ಲ.